ಇಲಿ ಬಿದ್ದದ್ದನ್ನು ಹೇಳಿದವಳು

ನನ್ನ ಮುನೆಮ್ಮಜ್ಜೀ,

ಮಾಲೂರಿನಿಂದ ಅಪ್ಪ ಬರೆದ ಕಾಗದ ಬಂದಾಗಲೆಲ್ಲ ನೀನು ಹಿಟ್ಟಿನ ಕೈ ಒರೆಸಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂರುತ್ತಿದ್ದೆ. "ಇರೋದ್ನ ಇದ್ದಂಗೇ ಓದೇ ರತ್ನ, ನಡುವೆ ನುಂಗ್ಬೇಡ" ಅನ್ನುತ್ತಿದ್ದೆ. ನಿನಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ನಾನು ಒಂದು ಸಾಲು ಹಾರಿಸಿದರೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಹಾಗಿದ್ದವಳಿಗೆ ನಾನು ಎಂಟು ವರ್ಷ ನುಂಗಿಕೊಂಡಿದ್ದ ಮಾತು ಯಾಕೆ ಗೊತ್ತಾಗಲಿಲ್ಲ? ಅಥವಾ... ಬೇಡ, ಅದನ್ನು ಯೋಚಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಈಚೆಗೆ ಮುಗಿದ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷದ ದಸರಾ ರಜೆ ನೆನಪಿದೆಯಾ? ನನಗಾಗ ಹತ್ತು ವರ್ಷ. ಬೌರಿಂಗ್‌ಪೇಟೆಯಲ್ಲಿ ಚಿಕ್ಕ ರೈಲಿಗೆ ಬದಲಾಯಿಸಿ ಶ್ರೀನಿವಾಸಪುರದಲ್ಲಿ ಇಳಿದರೆ, ಮಾವ ಗಾಡಿ ಕಟ್ಟಿಕೊಂಡು ಕಾಯುತ್ತಿದ್ದ. ಯಲ್ದೂರಿನ ಮನೆ ಮುಟ್ಟಿದಾಗ ನೀನು ನೇಗಿಲು, ಕುಡುಗೋಲು, ಒನಕೆ ಎಲ್ಲವನ್ನೂ ತೊಳೆದು ಪೂಜೆಗೆ ಸಾಲಾಗಿ ಇಡುತ್ತಿದ್ದೆ. ಮಾವನ ಹೆಂಡತಿ ಸುಬ್ಬತ್ತೆ ತುಂಬು ಬಸುರಿ. ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಅವಳಿಗೆ ತಾಯಿ ಇರಲಿಲ್ಲ, ಬಾಣಂತನವೆಲ್ಲ ನಿನ್ನದೇ. ಕುಂಕುಮ ಇಡುವ ಮುಂಚೆ ನೀನು ಪ್ರತಿ ಸಲವೂ ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ, ಆಮೇಲೆ ದೇವರ ಕಡೆ ತಿರುಗುತ್ತಿದ್ದೆ. ರಜೆ ಮುಗಿಯುವ ಹೊತ್ತಿಗೆ ಮಾಲೂರಿನ ಕಡೆ ಪ್ಲೇಗು ಅಂತ ಸುದ್ದಿ ಬಂತು. ಶಾಲೆ ತೆಗೆಯಲಿಲ್ಲ. "ಮಗು ಅಲ್ಲೇ ಇರಲಿ" ಅಂತ ಅಪ್ಪ ಬರೆದ ಕಾಗದವನ್ನು ನಾನೇ ನಿನಗೆ ಓದಿ ಹೇಳಿದೆ.

ದೀಪಾವಳಿಯ ದಿನ ನೀನು ಮತ್ತು ಪಕ್ಕದ ಮನೆಯ ಪಾಪಮ್ಮ ಒಂದೇ ಒಲೆಯ ಮುಂದೆ ಕೂತು ಕಜ್ಜಾಯ ಬೇಯಿಸಿದಿರಿ. ಕೇದಾರೇಶ್ವರನ ನೋಮಿನ ಪೂಜೆ ಎರಡು ಮನೆಗೂ ಒಟ್ಟಿಗೇ ಆಗಬೇಕು, ಇದು ನೀವಿಬ್ಬರೂ ಮದುವೆಯಾಗಿ ಬಂದ ವರ್ಷದಿಂದ ನಡೆದುಬಂದ ಪದ್ಧತಿ. ಅವಳು ರಾಯಲ್ಪಾಡಿನ ಕಡೆಯವಳು, ತೆಲುಗಿನಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ನೀನು ಅದನ್ನೇ ಅಣಕಿಸುತ್ತಿದ್ದೆ. ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ನಿನ್ನ ಬೆನ್ನಿಗೆ ಗುದ್ದುತ್ತಿದ್ದಳು. ನೀವಿಬ್ಬರೂ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ನಾಲ್ಕು ದಿನಕ್ಕೆ ಸುಬ್ಬತ್ತೆ ಹೆತ್ತಳು. ಗಂಡು ಮಗು. ಅದನ್ನು ಮೊರದಲ್ಲಿ ಮಲಗಿಸಿ ನೀನು ಬರೀ ನೋಡುತ್ತಿದ್ದೆ. ಅದಾಗಿ ವಾರ ಕಳೆದಿರಬೇಕು. ಬೆಳಿಗ್ಗೆ ಬಚ್ಚಲ ಒಲೆಗೆ ಬೆರಣಿ ತರಲು ಹೋದವಳು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ನಿನ್ನನ್ನು ಕಂಡೆ. ನೀನು ಸತ್ತ ಇಲಿಯೊಂದನ್ನು ಬೂದಿಯಲ್ಲಿ ಹೊರಳಿಸಿ ಹಳೆಯ ಪುಟ್ಟಿಗೆ ಹಾಕುತ್ತಿದ್ದೆ. ತಾನಾಗಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ, ಪಟೇಲರಿಗೆ ಹೇಳಬೇಕು, ಬೀದಿಗೆ ಬೀದಿಯೇ ಮನೆ ಬಿಟ್ಟು ಊರಾಚೆ ಷೆಡ್ಡು ಹಾಕಿಕೊಳ್ಳಬೇಕು. ಹತ್ತು ವರ್ಷದ ನನಗೂ ಅಷ್ಟು ಗೊತ್ತಿತ್ತು.

"ನೋಡಿದ್ದ ಮರ್ತ್ಬಿಡೇ. ಹಸುಗೂಸು ಕಣೇ ಅದು. ಈ ಚಳೀಲಿ ಬಯಲಿಗೆ ಹಾಕುದ್ರೆ ಉಳೀತೈತಾ? ಯಾರ್ಗೂ ಹೇಳಲ್ಲ ಅಂತ ನನ್ನ ತಲೆ ಮುಟ್ಟು" ಅಂದೆ ನೀನು.

ಮುಟ್ಟಿದೆ. ನಿನ್ನ ಕೂದಲಿನಲ್ಲಿ ಬಾಣಂತಿಗೆ ಹಾಕಿದ ಸಾಂಬ್ರಾಣಿಯ ವಾಸನೆ ಇತ್ತು. ನೀನು ಪುಟ್ಟಿ ಹೊತ್ತು ತಿಪ್ಪೆಗೆ ಹೋದಾಗ ಪಾಪಮ್ಮ ಹಿತ್ತಲ ಗೋಡೆಯ ಮೇಲಿಂದ "ಏಮೇ ಮುನೆಮ್ಮಾ, ಇಂತ ಪೊದ್ದುನ್ನೇ, ಇಷ್ಟ್ ಬೆಳಿಗ್ಗೇನೇ ತಿಪ್ಪೆ ಹತ್ರ ಏನೇ?" ಅಂತ ಕೇಳಿದಳು. "ಏನಿಲ್ಲ, ಬೂದಿ" ಅಂದೆ ನೀನು.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ಹೆಂಗಸರು ಮುಳಬಾಗಿಲಿನ ಕಡೆಯ ಒಂದು ಮನೆಯ ಮಾತಾಡುತ್ತಿದ್ದರು. ಇಲಿ ಬಿದ್ದದ್ದನ್ನು ಮುಚ್ಚಿಟ್ಟರಂತೆ, ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲವಂತೆ, ತೊಟ್ಟಿಲಿನ ಮಗು ಕೂಡ. ಅಜ್ಜೀ, ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಸಂಜೆ ಮಾವ ಹೊಲದಿಂದ ಬಂದು ಕಾಲು ತೊಳೆಯುವಾಗ ಅವನ ಬೆನ್ನ ಹಿಂದೆ ನಿಂತು ಎಲ್ಲ ಹೇಳಿಬಿಟ್ಟೆ. "ನಾನು ಹೇಳ್ದೆ ಅಂತ ಅಜ್ಜಿಗೆ ಹೇಳ್ಬೇಡ ಮಾವ." ಅವನು ತಿರುಗಿಯೂ ನೋಡಲಿಲ್ಲ. "ಹೇಳಲ್ಲ, ಹೋಗು" ಅಂದ. ಆ ಮಾತನ್ನು ಇವತ್ತಿನ ತನಕ ಉಳಿಸಿಕೊಂಡಿದ್ದಾನೆ. ಉಳಿಸಿಕೊಳ್ಳದೇ ಇದ್ದಿದ್ದರೆ...

ಮಾವ ಪಟೇಲರಿಗೆ ಹೇಳಿದ, ಎರಡೇ ದಿನದಲ್ಲಿ ನಮ್ಮ ಬೀದಿಯೆಲ್ಲ ಊರಾಚೆಯ ಮಾವಿನ ತೋಪಿಗೆ ಬಂತು. ನೀನು ಷೆಡ್ಡಿನ ಗರಿಗಳ ಸಂದಿಗೆಲ್ಲ ಹುಲ್ಲು ತುರುಕಿದೆ, ಸಗಣಿ ಮೆತ್ತಿದೆ, ನಿನ್ನ ಎರಡು ಸೀರೆಯನ್ನೂ ಮಗುವಿನ ಸುತ್ತ ಕಟ್ಟಿದೆ. ಕೆಂಡದ ಬೋಗುಣಿಯನ್ನು ಅದರ ಹತ್ತಿರದಿಂದ ಸರಿಸಲೇ ಇಲ್ಲ. ಆದರೆ ಆ ಕಾರ್ತಿಕದ ಮಂಜು ಗರಿಯೊಳಗಿಂದ ತೊಟ್ಟಿಕ್ಕುತ್ತಿತ್ತು. ಮಗುವಿನ ಎದೆ ಕಟ್ಟಿತು. ನೀನು ಬಜೆ ತೇಯ್ದೆ, ವೀಳ್ಯದೆಲೆ ಬೆಚ್ಚಗೆ ಮಾಡಿ ಇಟ್ಟೆ. ಒಂಬತ್ತನೆಯ ದಿನ, ಬಿಸಿಲು ಏರಿದ ಮೇಲೆ, ನಿನ್ನ ಮಡಿಲಲ್ಲೇ ಅದು ಹೋಯಿತು. ಹೆಸರಿಟ್ಟಿರಲಿಲ್ಲ. ಸುಬ್ಬತ್ತೆ ಅಳುವುದಕ್ಕೂ ಮುಂಚೆ ನಿನ್ನ ಬಾಯಿಂದ ಒಂದು ಸದ್ದು ಬಂತು. ಅಂಥ ಸದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಅದೇ ವಾರ, ಷೆಡ್ಡಿಗೆ ಬರುವುದಿಲ್ಲ ಅಂತ ಹಟ ಹಿಡಿದು ಬೀದಿಯ ಕೊನೆಯ ಮನೆಯಲ್ಲೇ ಉಳಿದಿದ್ದ ಗಂಡ ಹೆಂಡತಿ ಇಬ್ಬರೂ ಪ್ಲೇಗಿನ ಗೆಡ್ಡೆ ಎದ್ದು ಸತ್ತರು. ನಾವೂ ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತು? ಎಷ್ಟು ಸಲ ಕೂಡಿಸಿ ಕಳೆದಿದ್ದೇನೋ ಈ ಲೆಕ್ಕವನ್ನು. ಉತ್ತರ ಒಂದೊಂದು ದಿನ ಒಂದೊಂದು ಬರುತ್ತದೆ.

ಪಾಪಮ್ಮ ಬಿಸಿ ಸಾರಿನ ಚೆಂಬು ಹಿಡಿದು ನಮ್ಮ ಷೆಡ್ಡಿಗೆ ಬಂದ ಮಧ್ಯಾಹ್ನವನ್ನು ಹೇಗೆ ಮರೆಯಲಿ? ನೀನು ಎದ್ದು ಅವಳಿಗೆ ಅಡ್ಡ ನಿಂತೆ.

"ತಿಪ್ಪೆ ಹತ್ರ ನನ್ನ ನೋಡ್ದೋಳು ನೀನೊಬ್ಳೇ. ಪಟೇಲ್ರಿಗೆ ಮುಟ್ಟಿಸ್ದೋಳೂ ನೀನೇ. ನನ್ನ ಮೊಮ್ಮಗನ್ನ ತಿಂದ್ಬಿಟ್ಟೆ. ಇನ್ಮೇಲೆ ನನ್ನ ಹೊಸ್ಲು ತುಳೀಬೇಡ."

"ನೇನೇಂ ಚೇಸಿನಾನೇ? ನಾನೇನ್ ಮಾಡ್ದೆ ಹೇಳೇ ಮುನೆಮ್ಮಾ!" ಅವಳ ಕೈಯ ಚೆಂಬು ಅಲುಗಿ ಸಾರು ಕಾಲ ಮೇಲೆ ಚೆಲ್ಲಿತು. ಮಾವ ನೆಲ ನೋಡುತ್ತಿದ್ದ. ನಾನು ಮಾವಿನ ಮರದ ಹಿಂದೆ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು.

ಆ ಸಂಕ್ರಾಂತಿಗೆ ಅವಳು ಮೊಮ್ಮಗಳ ಕೈಯಲ್ಲಿ ಕಳಿಸಿದ ಎಳ್ಳುಬೆಲ್ಲವನ್ನು ನೀನು ತಟ್ಟೆ ಸಮೇತ ವಾಪಸ್ಸು ಕಳಿಸಿದೆ. ಆಮೇಲಿನ ವರ್ಷಗಳಲ್ಲೂ ದಸರಾಕ್ಕೆ, ದೀಪಾವಳಿಗೆ, ಅವರೆಕಾಯಿ ಕಾಲಕ್ಕೆ ನಾನು ಬರುತ್ತಲೇ ಇದ್ದೆ, ಮದುವೆಯಾಗಿ ಕೋಲಾರ ಸೇರಿದ ಮೇಲೂ. ನೀನು ಹಿತಕಿದ ಬೇಳೆ ಸಾರು ಮಾಡಿ ನನಗೆ ಮೊದಲು ಬಡಿಸುತ್ತಿದ್ದೆ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಒಂದು ಚಳಿಗಾಲ, ಗೋಡೆಯಾಚೆ ಪಾಪಮ್ಮ ಕೆಮ್ಮುವುದನ್ನು ಕೇಳಿ ನೀನು ಒನಕೆ ನಿಲ್ಲಿಸಿ, "ಹೋದ್ ವರ್ಷಕ್ಕಿಂತ ಜಾಸ್ತಿ ಆಗೈತೆ" ಅಂದೆ. ಯಾರಿಗೂ ಅಲ್ಲ, ನಿನಗೆ ನೀನೇ. ಆಗಲಾದರೂ ಹೇಳಬಹುದಾಗಿತ್ತು, ಅಲ್ಲವಾ?

ಹೋದ ಮಾರ್ಗಶಿರದಲ್ಲಿ ನೀನು ಹಾಸಿಗೆ ಹಿಡಿದಾಗ ಕಾಲು ಒತ್ತುತ್ತಾ, "ಅಜ್ಜೀ, ನಿಂಗೊಂದು ಮಾತು ಹೇಳ್ಬೇಕು" ಅಂತ ಬಾಯಿ ಬಿಟ್ಟೆ. "ಆಮೇಲೆ ಹೇಳೀವಂತೆ, ಒಂದು ಗುಟುಕು ಗಂಜಿ ಕೊಡು" ಅಂದೆ ನೀನು. ಗಂಜಿ ಕುಡಿದು ಮಲಗಿದವಳು ಮತ್ತೆ ಮಾತಾಡಲಿಲ್ಲ. ನಿನ್ನನ್ನು ಎತ್ತಿದಾಗ ಪಾಪಮ್ಮ ತನ್ನ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಹೊಸಿಲು ತುಳಿಯಬೇಡ ಅಂದಿದ್ದೆಯಲ್ಲ, ಇಳಿದು ಬರಲಿಲ್ಲ.

ನಿನ್ನ ಕರ್ಮ ಮುಗಿದ ಮೇಲೂ ನಾನು ಇಲ್ಲೇ ಉಳಿದೆ. ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಸಂಕ್ರಾಂತಿಯ ಮಧ್ಯಾಹ್ನ ಪಾಪಮ್ಮನ ಮನೆಗೆ ಹೋದೆ. ಅವರೆಕಾಯಿ ಸುಲಿಯುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಕೊನೆಯ ತನಕ ಅವಳ ಕೈ ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಎಂಟು ದೀಪಾವಳಿ ಕಣೇ" ಅಂದಳು. "ಎಂಟು ದೀಪಾವಳಿ ಒಬ್ಳೇ ನೋಮು ಮಾಡ್ದೆ. ಅವ್ಳಿದ್ದಾಗ ನಿಂಗೆ ಬಾಯಿರ್ಲಿಲ್ವಾ?"

"ಹೆದರಿಕೆ ಆಯ್ತು ಪಾಪಜ್ಜಿ. ಆಗ ಚಿಕ್ಕವಳು..."

"ಆಗ ಚಿಕ್ಕೋಳು, ಸರಿ. ಆಮೇಲೆ?"

ಅವಳು ಮೊರ ಪಕ್ಕಕ್ಕೆ ಸರಿಸಿದಳು. "ಹೋಗು, ನಿನ್ನ ಮುಖ ನೋಡಕ್ಕಾಗಲ್ಲ ನಂಗೆ" ಅಂದಳು. ಬಂದುಬಿಟ್ಟೆ.

ಈಗ ನೀನು ಕೇಳದೆ ಹೋದ ಸುದ್ದಿ. ಸುಬ್ಬತ್ತೆಗೆ ನಾಲ್ಕು ತಿಂಗಳು ಅಜ್ಜೀ. ಮೂರು ತುಂಬುವ ತನಕ ಬಾಯಿ ಬಿಡಬಾರದೆಂದು ನಿನಗೂ ಹೇಳಿರಲಿಲ್ಲವಂತೆ. ಹೇಳಬೇಕೆನ್ನುವಷ್ಟರಲ್ಲಿ ನೀನು... ನಿನ್ನೆ ಪಾಪಮ್ಮ ನಮ್ಮ ಮನೆಗೆ ಬಂದಳು. ಹೊಸಿಲ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಕಾಲಿಟ್ಟಳು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಸುಬ್ಬತ್ತೆಯ ಹತ್ತಿರ ಹೋಗಿ ಕೂತು, "ಮುನೆಮ್ಮ ಇಲ್ಲ ಅಂತ ಹೆದರ್ಬೇಡಮ್ಮ. ನಿನ್ನ ಬಾಣಂತನ ನಾನು ಮಾಡ್ತೀನಿ" ಅಂದಳು. ಅತ್ತೆ ಗಾಬರಿಯಿಂದ ಮಾವನ ಮುಖ ನೋಡಿದಳು. ಎಂಟು ವರ್ಷ ಪಾಪಮ್ಮನನ್ನೇ ಅಪರಾಧಿ ಎಂದು ನಂಬಿಕೊಂಡವಳಲ್ಲವೇ ಅವಳೂ? ಮಾವ ಎದ್ದು ಹೊರಗೆ ಹೋದ. ಪಾಪಮ್ಮ ನಿಜ ಹೇಳಬಹುದಾಗಿತ್ತು, ಹೇಳಲಿಲ್ಲ. ನನಗೇ ಬಿಟ್ಟಿದ್ದಾಳೆ.

ಇವತ್ತು ಅತ್ತೆಗೆ ಹೇಳುತ್ತೇನೆ. ಹೆರಿಗೆಯಾಗಲಿ, ಮಗು ಕೈಗೆ ಬರಲಿ, ಆಮೇಲೆ ಹೇಳಿದರಾಯಿತು ಅನ್ನುತ್ತದೆ ಮನಸ್ಸು. ಆದರೆ ಆ "ಆಮೇಲೆ" ಅನ್ನುವುದನ್ನು ನಾನು ನಿನ್ನ ಹತ್ತಿರ ಒಂದು ಸಲ ನಂಬಿ ಕೆಟ್ಟಿದ್ದೇನೆ. ಅವಳು ಹಿತ್ತಲಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದಾಳೆ. ಎದ್ದೆ ಅಜ್ಜೀ.

ನಿನ್ನ
ರತ್ನ