ಗುಜರಿಯಿಂದ ತಂದ ಕ್ರ್ಯಾಂಕು

ಶಿವಮಲ್ಲು,

ಮೂರು ವರ್ಷದಿಂದ ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ, ಗಿರಾಕಿ ರಂಗಸ್ವಾಮಿಯ ಜೀಪಿನ ಇಂಜಿನ್ನನ್ನು ಇವತ್ತು ಬಿಚ್ಚಿದೆ. ಒಳ್ಳೆಯ ಕನೆಕ್ಟಿಂಗ್ ರಾಡುಗಳನ್ನು ಮಾರಿಕೊಂಡು ಉದ್ದದ ರಾಡುಗಳನ್ನು ಹಾಕಿದ್ದೀಯೆ, ಅದಕ್ಕೇ ಪಿಸ್ಟನ್ನು ಹೆಡ್ಡಿಗೆ ಬಡಿಯುತ್ತಿದೆ ಎಂದು ಅವನೆದುರೇ ನಿನ್ನನ್ನು ಕಳ್ಳ ಅಂದಿದ್ದೆನಲ್ಲ, ಅದೇ ಇಂಜಿನ್ನು.

ರಾಡುಗಳು ಸರಿಯಾಗಿವೆ. ನಿನ್ನ ಕೆಲಸವನ್ನು ನಂಬದೆ ಮೂರು ಸಲ ಅಳೆದೆ. ಆ ರಾಡುಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕೇ ಬೇರೆ ಮಾಡೆಲ್ಲಿನದು. ಪಿಸ್ಟನ್ನನ್ನು ಎರಡು ಮಿಲಿಮೀಟರ್ ಹೆಚ್ಚು ಮೇಲೆ ತಳ್ಳುತ್ತದೆ. ಅದನ್ನು ಚಾಮರಾಜನಗರದ ಗುಜರಿಯಿಂದ ತಂದವನು ನಾನು. 'ಅಳ್ದು ತಕ್ಕೊ ಕಣಣ್ಣ' ಅಂದಿದ್ದೆ ನೀನು. 'ನಂಗೇ ಯೋಳ್ಕೊಡ್ತೀಯೇನ್ಲಾ' ಅಂದಿದ್ದೆ ನಾನು.

ನಿನಗೆ ಅವತ್ತೇ ಗೊತ್ತಿತ್ತು ಎಂಬುದು ಈಗಿನ ಅನುಮಾನ. ಗೊತ್ತಿದ್ದೂ ಗಿರಾಕಿಯ ಮುಂದೆ ಯಾಕೆ ಸುಮ್ಮನಿದ್ದೆ? ಕೇಳೋಣವೆಂದರೆ ನೀನು ತೀರಿಕೊಂಡು ಎರಡು ವರ್ಷವಾಯಿತು.

'ಯಾರ್ದಣ್ಣ ತಪ್ಪು?' ಎಂದು ರಂಗಸ್ವಾಮಿ ಇವತ್ತೂ ಕೇಳಿದ.

'ಕ್ರ್ಯಾಂಕಿಂದು ಕಣಪ್ಪ' ಅಂದೆ.