ಕಾಲುವೆ ಬದಿಯ ಎರಡು ಪೈಪು

ನವೆಂಬರ್ ೧೨, ಬುಧವಾರ. ಅಲ್ ವಕ್ರಾ.

ಮೀಟರ್ ಕೆಟ್ಟಿತ್ತಂತೆ. ಬೆಳಗಿನಿಂದ ಈ ಮಾತು ಎದೆಯಲ್ಲಿ ಕುದಿಯುತ್ತಿದೆ.

ನಮ್ಮ ದೋಹಾ ಆಫೀಸೂ ಸುಮಾತ್ರಾದ ನೆಡುತೋಪಿನ ಕಂಪನಿಯೂ ಸೇರಿ ಮೂರು ವರ್ಷ ನಡೆಸಿದ ಅಧ್ಯಯನ. ತೋಪಿನ ಪಕ್ಕದಲ್ಲೇ ಜವುಗು ಕಾಡು ಉಳಿದೀತೇ ಎಂಬುದು ಪ್ರಶ್ನೆ. ಆ ಕಾಡಿನ ನೆಲವೆಂದರೆ ಸಾವಿರಾರು ವರ್ಷಗಳ ಎಲೆ, ಬೇರು. ನೀರು ಇಳಿದರೆ ನೆಲವೇ ಹೊತ್ತಿಕೊಳ್ಳುತ್ತದೆ. ಕಂಪನಿಯ ಕಾಲುವೆ ಬದಿಯಲ್ಲಿ, ನೆಲದೊಳಗಿನ ನೀರಿನ ಮಟ್ಟ ಅಳೆಯಲು ಮೀಟರ್ ಇಟ್ಟು ನಾವು ಹುಗಿದ ಎರಡು ಪೈಪುಗಳಲ್ಲಿ ನೀರು ಮೂರಡಿ ಇಳಿದಿದೆ. ಕಂಪನಿಯವರಿಗೆ ಆ ಎರಡನ್ನೂ ವರದಿಯಿಂದ ತೆಗೆಯಬೇಕಂತೆ.

“ಎಂತ ಮಾರಾಯ್ರೆ, ಎರಡು ಪೈಪಿಗೆ ಇಷ್ಟು ತಲೆಬಿಸಿ? ಮೀಟರ್ ಹಾಳಾಗಿತ್ತು ಅಂತ ಒಂದು ಲೈನ್ ಬರೆದು ಖಲಾಸ್ ಮಾಡಿ,” ಎಂದರು ಮ್ಯಾನೇಜರ್ ಯಜ್ಞೇಶ್.

“ಮೀಟರ್ ಸರಿಯಾಗೇ ಇತ್ತು ಸರ್. ಸುಪರ್ನೋ ಪ್ರತಿ ವಾರ ಕೋಲು ಇಳಿಸಿಯೂ ಅಳೆದಿದ್ದಾರೆ.”

“ಅದನ್ನು ಮೀಟಿಂಗಲ್ಲಿ ಹೇಳ್ಬೇಡಿ.”

ಹೇಳಿದೆ. ಸ್ಕ್ರೀನಿನಲ್ಲಿ ಸುಪರ್ನೋ ಕೂಡ ಇದ್ದರು, ಸೊಂಟದ ಮಟ್ಟದ ಕೆಸರಿನಲ್ಲಿ ನಡೆದು ಅಳತೆ ತೆಗೆದ ಮನುಷ್ಯ, ಅದೇ ಕಂಪನಿಯ ನೌಕರ. ಅವರೆದುರೇ ಕಂಪನಿಯವನು, ಹಾಗಾದರೆ ಅಳೆದವರ ತಪ್ಪಿರಬೇಕು ಎಂದ. ಅವರು ತಲೆ ತಗ್ಗಿಸಿದರು. ಆ ಪೈಪುಗಳಿಲ್ಲದ ವರದಿಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಯಜ್ಞೇಶ್ ನನ್ನ ಮೈಕನ್ನೇ ಮ್ಯೂಟ್ ಮಾಡಿದರು.

ಸಂಜೆ ಸುಪರ್ನೋ ತಮ್ಮ ನೋಟ್‌ಬುಕ್ಕಿನ ಒಂದೊಂದು ಪುಟದ ಫೋಟೋವನ್ನೂ ಕಳಿಸಿದ್ದಾರೆ. “ಇಲ್ಲಿ ನನ್ನ ಕೆಲಸ ಹೋಗಬಹುದು, ಇವು ನಿಮ್ಮ ಹತ್ತಿರ ಇರಲಿ.”

ಅವರು ಸುಮ್ಮನಿದ್ದದ್ದು ಅದಕ್ಕೇ. ಅವರನ್ನೊಂದು ಮಾತು ಕೇಳದೆ, ಎಲ್ಲರೆದುರು ಅವರ ಹೆಸರು ಹೇಳಿದವಳು ನಾನು. ಇಷ್ಟು ಹೊತ್ತು ಯಜ್ಞೇಶರನ್ನು ಬೈದುಕೊಂಡು ಕೂತಿದ್ದೇನೆ, ಆದರೆ ಸುಪರ್ನೋ ಅವರ ಕೆಲಸವನ್ನು ಪಣಕ್ಕಿಟ್ಟವಳು ನಾನು.