ಆಯುಧಪೂಜೆಯ ದಿನ ನೆನೆದ ಫಿಯೆಟ್

ಮಂಡಿ ಮೊಹಲ್ಲಾ, ಮೈಸೂರು
೪-೧೦-೧೯೯೮, ಭಾನುವಾರ

ನನ್ನ ಮುದ್ದಿನ ನಿಶ್ಚಿತಕ್ಕಾ,

ಹೇಗಿದ್ದೀಯ? ಭಾವ, ಪುಟ್ಟ ಕೀರ್ತಿ ಚೆನ್ನಾಗಿದ್ದಾರಾ? ದಾವಣಗೆರೆಯಲ್ಲಿ ಮಳೆ ನಿಂತಿತಾ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬಯ್ಯಬೇಡ. ಪ್ರೇಮ್ ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ತಲೆ ಬಾಚಿಕೊಂಡು ಬಾಗಿಲಿಗೆ ಬಂದು ನಿಲ್ಲುವುದೇ ಈಗ ನನಗೊಂದು ಉದ್ಯೋಗ! ನಗಬೇಡ. ನನ್ನ ಕಾನ್ವೆಂಟ್ ಕನ್ನಡಕ್ಕೂ ನಗಬೇಡ. ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಮನಸ್ಸೇ ಬರಲಿಲ್ಲ.

ಅಕ್ಕಾ, ನಮ್ಮ ಫಿಯೆಟ್ ಉಳಿಯಿತು! ಮಾರಲಿಲ್ಲ! ಇದನ್ನು ಬರೆಯುವಾಗಲೂ ಎದ್ದು ಕುಣಿಯಬೇಕು ಅನ್ನಿಸುತ್ತಿದೆ.

ಆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋಣ ಎಂದು ಹಟ ಹಿಡಿದವಳು ನಾನೇ ತಾನೆ. ಅತ್ತೆ ಪುಟ್ಟಲಿಂಗಮ್ಮನವರಿಗೆ ಅದನ್ನು ಕಂಡರೆ ಮೊದಲಿನಿಂದಲೂ ಆಗದು. "ಎಮ್ಮೆ ಸಾಕಿದ್ರೆ ಹಾಲಾದ್ರೂ ಕೊಡ್ತಿತ್ತು ಕಣಮ್ಮ. ಇದು ಬರೀ ಕುಡೀತದೆ" ಎನ್ನುತ್ತಿದ್ದರು. "ಅತ್ತೆ, ನಾನು ಲಷ್ಕರ್ ಮೊಹಲ್ಲಾದ ಶಿವರುದ್ರಪ್ಪನವರ ಮಗಳು. ಕಡಿಮೆ ಖರ್ಚಲ್ಲಿ ಫಿಯೆಟ್ ಸಾಕೋದು ನನಗೆ ಗೊತ್ತು" ಎಂದು ಜಂಬ ಕೊಚ್ಚಿದ್ದೆ. ಸಾಕಿದೆ ಕೂಡ. ಅಪ್ಪ ಮಾಡುತ್ತಿದ್ದ ಹಾಗೆಯೇ ಬೆಳಗಿನ ತಂಪಿನಲ್ಲಿ ಟೈರಿಗೆ ಗಾಳಿ ನೋಡುವುದು, ರೈಲ್ವೆ ಗೇಟ್ ಹಾಕಿದ ಕೂಡಲೇ ಎಂಜಿನ್ ಆಫ್ ಮಾಡಿಸುವುದು, ಪ್ಲಗ್ಗುಗಳನ್ನು ನಾವೇ ಬಿಚ್ಚಿ ಉಜ್ಜುವುದು. ನಮ್ಮ ಬೀದಿಯಿಂದ ಮೇಟಗಳ್ಳಿಯ ಫ್ಯಾಕ್ಟರಿಗೆ ಹೋಗುವ ಇನ್ನೂ ಮೂವರನ್ನು ಹತ್ತಿಸಿಕೊಂಡು ಪೆಟ್ರೋಲಿನ ಖರ್ಚು ಹಂಚಿಕೊಳ್ಳುವ ಏರ್ಪಾಡೂ ನನ್ನದೇ. ಆದರೂ ಹೋದ ತಿಂಗಳು ಕ್ಲಚ್ ಪ್ಲೇಟ್ ಹೋಯಿತು. ಆಗ ಅತ್ತೆ ಪ್ರೇಮ್‌ಗೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದ್ ಸಲ ರಿಪೇರಿ ಅಂತ ಬಂದ್ರೆ ಮಾರ್ಬುಡು, ಅಷ್ಟೇ." ಪ್ರೇಮ್ ಕೂಡ ತಲೆ ಆಡಿಸಿದರು.

ಅದಾದ ಮೇಲೆ ಬಂದದ್ದೇ ಆಯುಧಪೂಜೆ. ಹೊಸ ಸೊಸೆಯ ಉತ್ಸಾಹ ನೋಡು. ಎಲ್ಲರೂ ಕಾರಿನ ಹೊರಗೆ ಪೂಜೆ ಮಾಡುತ್ತಾರೆ, ಓಡುವುದು ಎಂಜಿನ್ ಅಲ್ಲವಾ ಎಂದು ನಾನು ಬಾನೆಟ್ ಎತ್ತಿದೆ! ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ, ಚೆಂಡುಹೂ ಮುಡಿಸಿದೆ, ತಂಬಿಗೆಯಲ್ಲಿದ್ದ ನೀರನ್ನೆಲ್ಲ ಮೇಲಿಂದ ಸುರಿದೆ. ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಪ್ರೇಮ್ ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟೇ ಆಗಲಿಲ್ಲ. ನಿಂಬೆಹಣ್ಣು ಇಟ್ಟಲ್ಲೇ ಇತ್ತು.

ಬೀದಿ ಕೊನೆಯ ಮೆಕ್ಯಾನಿಕ್ ಬಂದ. ಅವನ ಸಾಮಾನೆಲ್ಲ ಪೂಜೆಗಿಟ್ಟಿದ್ದರಿಂದ ಏನನ್ನೂ ಬಿಚ್ಚಲಿಲ್ಲ. ಬಗ್ಗಿ ನೋಡಿ, "ಎಂಜಿನ್ ಒಳಕ್ಕೆ ನೀರಿಳಿದದೆ ಮೇಡಂ. ಪೂರಾ ಇಳಿಸ್ಬೇಕು. ಆರು ಸಾವಿರ ಆಯ್ತದೆ. ಬೇಡ ಅಂದ್ರೆ ನಾಳೆ ಬೆಳಗ್ಗೆ ನಾನೇ ತಗೊಂಡೋಯ್ತೀನಿ, ಒಂದ್ ರೇಟ್ ಹೇಳಿ" ಎಂದ. ಅತ್ತೆ ಮಗನ ಮುಖ ನೋಡಿದರು. ಪ್ರೇಮ್ ನನ್ನ ಮುಖ ನೋಡಲಿಲ್ಲ.

ನಾನು ಒಳಗೆ ಹೋಗಿ ಲಷ್ಕರ್ ಮೊಹಲ್ಲಾಕ್ಕೆ ಫೋನ್ ಮಾಡಿದೆ.

ಹೌದು ಅಕ್ಕಾ, ಅಪ್ಪನಿಗೆ! ಮೇ ತಿಂಗಳಲ್ಲಿ ಬೇರೆ ಜಾತಿಯ ಹುಡುಗನ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ ಮೇಲೆ ಒಂದು ಮಾತೂ ಆಡದ ಅಪ್ಪನಿಗೆ. ಅಮ್ಮ ಇದ್ದಿದ್ದರೆ ಮಧ್ಯೆ ನಿಂತು ಏನಾದರೂ ಮಾಡುತ್ತಿದ್ದರು. ನಾಲ್ಕು ಬೀದಿ ಆಚೆಗಿನ ಮನೆ ನನಗೆ ದಾವಣಗೆರೆಗಿಂತ ದೂರವಾಗಿತ್ತು.

"ಅಪ್ಪಾ" ಎಂದೆ. ಫೋನ್ ಇಟ್ಟೇಬಿಡುತ್ತಾರೆ ಎಂಬ ಭಯಕ್ಕೆ, "ಅಪ್ಪಾ, ಫಿಯೆಟ್ ಸ್ಟಾರ್ಟ್ ಆಗ್ತಿಲ್ಲ" ಎಂದುಬಿಟ್ಟೆ.

"ಸೆಲ್ಫ್ ತಿರುಗ್ತಿದ್ಯಾ?" ಎಂದರು.

"ತಿರುಗ್ತಿದೆ."

"ಬಾನೆಟ್ ಎತ್ತಿದ್ಯಾ?"

"ಪೂಜೆ ಮಾಡ್ದೆ ಅಪ್ಪಾ..."

"ಪೂಜೆ ಮಾಡಿದ್ಯೋ, ಅಭಿಷೇಕ ಮಾಡಿದ್ಯೋ?"

ನನಗೆ ನಗು, ಅಳು ಒಟ್ಟಿಗೇ ಬಂತು.

"ಎಂಜಿನ್‌ಗೆ ಏನೂ ಆಗಿಲ್ಲ. ಪ್ಲಗ್ ವೈರೆಲ್ಲ ಹೋಗಿ ಸೇರುತ್ತಲ್ಲ, ಆ ಕರೀ ಮುಚ್ಚಳದೊಳಗೆ ನೀರು ಹೋಗಿದೆ. ಎರಡು ಕಡೆ ಕ್ಲಿಪ್ ಇದೆ, ಬೆರಳಲ್ಲೇ ಬಿಡಿಸ್ಬೋದು. ಸ್ಪ್ಯಾನರ್ ಮುಟ್ಬೇಡ, ಇವತ್ತು ಪೂಜೆಗಿಟ್ಟಿರೋದು. ಒಣಬಟ್ಟೇಲಿ ಒರೆಸಿ, ಒಲೆ ಹತ್ರ ಹಿಡ್ದು ಕಾಯಿಸು. ಯಾರಿಗೂ ದುಡ್ಡು ಸುರೀಬೇಡ."

ನಾನು ಒಂದೊಂದನ್ನೇ ಕಿಟಕಿಯಿಂದ ಕೂಗಿದೆ. ಪ್ರೇಮ್ ಬಿಚ್ಚಿ ಒರೆಸಿದರು. ಅತ್ತೆ ಮುಚ್ಚಳವನ್ನು ಕಸಿದುಕೊಂಡು ಹೋಗಿ, ಹಪ್ಪಳ ಸುಡುವ ಹಾಗೆ ಒಲೆಯ ಮುಂದೆ ತಿರುವಿ ತಿರುವಿ ಒಣಗಿಸಿದರು. "ಇದೇನವ್ವ, ಇಷ್ಟುದ್ದದ ಕಾರಿಗೆ ಅಂಗೈಯಗಲದ ಜೀವ!" ಎಂದರು. ಫೋನಿನಲ್ಲಿ ಮೂರು ನಿಮಿಷ ಮೀರಿದರೆ ನಮ್ಮನ್ನು ಗದರುತ್ತಿದ್ದ ಅಪ್ಪ, ಅಷ್ಟು ಹೊತ್ತೂ ಫೋನ್ ಇಡಲಿಲ್ಲ. ಅವರ ಉಸಿರಾಟ ಕೇಳುತ್ತಿತ್ತು.

ಪ್ರೇಮ್ ಮುಚ್ಚಳವನ್ನು ಮತ್ತೆ ಕೂರಿಸಿ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು ಅಕ್ಕಾ! ಕಾರು ಮುಂದಕ್ಕೆ ಸರಿದು ನಿಂಬೆಹಣ್ಣು ಪಚಕ್ಕೆಂದಿತು. ಅಪ್ಪನಿಗೂ ಸದ್ದು ಕೇಳಲಿ ಎಂದು ರಿಸೀವರನ್ನು ಕಿಟಕಿಯಾಚೆ ಹಿಡಿದೆ. ಮತ್ತೆ ಕಿವಿಗಿಟ್ಟಾಗ ಫೋನ್ ಇಟ್ಟಿದ್ದರು.

ಅವತ್ತು ಸಂಜೆ ಅರಮನೆಯ ದೀಪ ನೋಡಲು ಹೋದೆವು. ಮುಂದಿನ ಸೀಟಿನಲ್ಲಿ ಅತ್ತೆ! "ನಿಮ್ಮಪ್ಪನ್ನ ಒಂದಿನ ಊಟಕ್ಕೆ ಕರಿಯಮ್ಮ, ಬೋ ತಿಳಿದೋರು" ಎಂದರು. ಮಾರುವ ಮಾತು ಅಲ್ಲಿಗೇ ಮುಗಿಯಿತು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ಅಪ್ಪ ಮಾತಾಡಿದರು, ಅಕ್ಕಾ. ಮುಚ್ಚಳದ ವಿಷಯವೇ ಇರಲಿ, ಮಾತಾಡಿದರು.

ಭಾವನಿಗೆ ನಮಸ್ಕಾರ, ಕೀರ್ತಿಯ ಕೆನ್ನೆಗೆ ನನ್ನ ಪರವಾಗಿ ನಾಲ್ಕು ಮುತ್ತು. ಅಮ್ಮನ ಜಾಗದಲ್ಲಿ ನಿಂತು ನಮ್ಮಿಬ್ಬರನ್ನೂ ಹರಸು.

ನಿನ್ನ ಹುಚ್ಚು ತಂಗಿ,
ರಕ್ಷಿತಾ

ತಾ.ಕ.: ಪ್ರೇಮ್‌ಗೂ ಹೇಳದ ಒಂದು ಮಾತಿದೆ. ಕಾರು ಸ್ಟಾರ್ಟ್ ಆದ ಖುಷಿಯಲ್ಲಿ, "ಅಪ್ಪಾ, ಮೊದಲನೇ ದೀಪಾವಳಿಗೆ ನಾವಿಬ್ಬರೂ ಮನೆಗೆ ಬರಲಾ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಉತ್ತರಕ್ಕೆ ಹೆದರಿದೆ. ರಿಸೀವರನ್ನು ಕಿಟಕಿಯಾಚೆ ಹಿಡಿದದ್ದು ಅದಕ್ಕೇ. ಈ ವಾರ ನೀನು ಅಪ್ಪನಿಗೆ ಫೋನ್ ಮಾಡಿದಾಗ ಮೆಲ್ಲಗೆ ಕೇಳುತ್ತೀಯಾ? ಅವರು ಏನಾದರೂ ಹೇಳಿದ್ದರೆ, ಅದನ್ನು ಕೇಳಿಸಿಕೊಂಡಿರುವುದು ಆ ಫಿಯೆಟ್ ಒಂದೇ.